ಒಂದು ಗ್ಲಾಸ್ ಎಂದರೆ ಎಷ್ಟು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಸದಾ ಕಂದು ಬಣ್ಣದಲ್ಲಿರುತ್ತಿದ್ದವು. ಗಾಯಕ್ಕೆ ಹಚ್ಚುವ ಅಯೋಡಿನ್ನಿನ ಕಲೆ ಅದು. ಮೂವತ್ತು ವರ್ಷ ಹತ್ತಿಯನ್ನು ಅದರಲ್ಲಿ ಅದ್ದಿ ಅದ್ದಿ ಉಗುರಿನ ಸಂದಿಗೆಲ್ಲ ಇಳಿದು, ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗದ ಹಾಗೆ ಕೂತುಬಿಟ್ಟಿತ್ತು. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದವರು ಆ ಕೈ ನೋಡಿ ತಮ್ಮ ಎಲೆಯನ್ನು ಸ್ವಲ್ಪ ಆಚೆ ಎಳೆದುಕೊಳ್ಳುತ್ತಿದ್ದರಂತೆ. ಎಳೆದುಕೊಂಡದ್ದು ಬಣ್ಣ ನೋಡಿಯೋ, ಜಾತಿ ನೆನಪಾಗಿಯೋ ಎಂದು ಅವರೇ ಹೇಳಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ನಾವೆಲ್ಲ ಅವರನ್ನು ಸಿಸ್ಟರ್ ಎನ್ನುತ್ತಿದ್ದೆವು. ಚಿಂತಾಮಣಿಯಿಂದ ಮುರುಗಮಲ್ಲದ ಕಡೆ ಹೋಗುವ ರಸ್ತೆಯಲ್ಲಿ ಒಂದು ಸಣ್ಣ ಆಸ್ಪತ್ರೆ. ಅದರ ಡ್ರೆಸ್ಸಿಂಗ್ ರೂಮು ಅವರ ರಾಜ್ಯ. ಬೈಕಿನಿಂದ ಬಿದ್ದವರು, ಜಗಳದಲ್ಲಿ ತಲೆ ಒಡೆಸಿಕೊಂಡವರು, ಕತ್ತಲಲ್ಲಿ ಚರಂಡಿಗೆ ಕಾಲು ಹಾಕಿದವರು, ಎಲ್ಲರೂ ಬಂದು ಬೀಳುತ್ತಿದ್ದುದು ಅಲ್ಲಿನ ಕಬ್ಬಿಣದ ಮಂಚದ ಮೇಲೆ. ಹೆಚ್ಚಿನವರು ಇಪ್ಪತ್ತು, ಇಪ್ಪತ್ತೈದರ ಹುಡುಗರು. ಎಲ್ಲರ ಬಾಯಲ್ಲೂ ಒಂದೇ ವಾಸನೆ. ಕುಡಿಯುವ ಮಕ್ಕಳಿಗೆ ದಾರ ಕಟ್ಟಿಸಲು ಮುರುಗಮಲ್ಲದ ದರ್ಗಾಕ್ಕೆ ಹೋದ ತಾಯಂದಿರು, ಯಾವ ಜಾತಿಯವರಾದರೂ ಸರಿ, ವಾಪಸು ಬರುವಾಗ ಬಸ್ಸಿಳಿದು ಇವರ ರೂಮಿಗೂ ಬರುತ್ತಿದ್ದರು. ಇವರು ಬೇಡವೆನ್ನುತ್ತಿರಲಿಲ್ಲ. ದಾರ ಕಟ್ಟಿರುವ ಕೈಯನ್ನೇ ಹಿಡಿದು ನಾಡಿ ನೋಡುತ್ತಿದ್ದರು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. "ಏಂ ನಾಯನಾ, ಬಾಗುಂಡಾವಾ" ಎಂದು ಚೆನ್ನಾಗಿದ್ದೀಯಾ ಅಂತ ಕೇಳುತ್ತಲೇ ಸೂಜಿ ಚುಚ್ಚಿ ಮುಗಿಸಿರುತ್ತಿದ್ದರು.

ನಾನು ಅವರ ಕೈಗೆ ಸಿಕ್ಕಿದ್ದು ಹಣೆ ಒಡೆದುಕೊಂಡು. ಆಗ ನನಗೆ ಇಪ್ಪತ್ತೈದು. ಚಿಂತಾಮಣಿಯ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ. ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಸೀಮೆಯಲ್ಲಿ ಸುಟ್ಟ ಮೋಟಾರುಗಳಿಗೇನು ಕಡಿಮೆ. ದಿನವಿಡೀ ತಾಮ್ರದ ತಂತಿ ಸುತ್ತಬೇಕು, ಸುತ್ತಿದ್ದನ್ನು ಮೋಟಾರಿನೊಳಗಿನ ಇಕ್ಕಟ್ಟಾದ ಸಂದುಗಳಲ್ಲಿ ಒಂದೊಂದಾಗಿ ಕೂರಿಸಬೇಕು. ಕೈ ನಿಂತಿರಬೇಕಾದ ಕೆಲಸ. ನನ್ನ ಕೈ ನಿಲ್ಲುವುದನ್ನು ಬಿಟ್ಟು ವರ್ಷವಾಗಿತ್ತು. ಬೆಳಗ್ಗೆ ತಂತಿಯ ತುದಿ ಹಿಡಿದರೆ ಅದು ತಾನಾಗಿ ಕುಣಿಯುತ್ತಿತ್ತು. ಸಂಜೆ ವೈನ್ ಶಾಪಿನ ಮುಂದೆ ನಿಂತು ಒಂದು ಏರಿಸಿದ ಮೇಲೆ ಸರಿಹೋಗುತ್ತಿತ್ತು. ಹಾಗೆ ಏರಿಸಿದ ಒಂದು ದಿನ ಬೈಕು ಮೈಲಿಗಲ್ಲಿಗೆ ಗುದ್ದಿತು.

ಹೊಲಿಗೆ ಹಾಕುತ್ತಾ ಎಷ್ಟು ಕುಡಿದಿದ್ದೀಯಾ ಎಂದು ಕೇಳಿದರು. ಒಂದೇ ಗ್ಲಾಸು ಎಂದೆ. ಕೈ ಯಾಕೆ ನಡುಗುತ್ತಿದೆ ಎಂದರು. ಭಯಕ್ಕೆ ಎಂದೆ.

"ಬೆಳಿಗ್ಗೆ ಎದ್ದಾಗ್ಲೂ ಭಯಾನಾ?"

ಅವರು ಬೈಯಲಿಲ್ಲ. ದಾರ ಕತ್ತರಿಸಿ, ಕೈ ತೊಳೆದು ಬಂದು, ಸ್ಟೂಲು ಎಳೆದುಕೊಂಡು ನನ್ನ ಮುಂದೆ ಕೂತರು. "ನಾನು ಬಿಡು ಅನ್ನಲ್ಲ ಕಣಪ್ಪಾ. ಬಿಡು ಅಂದ್ರೆ ನೀನು ಈ ಕಡೆ ಬರೋದನ್ನ ಬಿಡ್ತೀಯಾ. ಕಮ್ಮಿ ಮಾಡು. ಒಂದು ಅಳತೆ ಇಟ್ಕೋ. ಅಳತೆ ಮೀರಿದ ದಿನ ಬಂದು ನನಗೆ ಹೇಳು, ಮುಚ್ಚಿಡಬೇಡ." ಆಮೇಲೆ ಡಾಕ್ಟರ ಹತ್ತಿರ ತಾವೇ ಕರೆದುಕೊಂಡು ಹೋದರು. ಬೆಳಗ್ಗೆ ಕೈ ನಡುಗುವವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಡಾಕ್ಟರ ಮಾತ್ರೆ ತಗೊಂಡೇ ಇಳಿಸಬೇಕು ಎಂದು ನನಗೆ ತಿಳಿಸಿ ಹೇಳಿದ ಮೊದಲ ಮನುಷ್ಯರು ಅವರು. ಅಲ್ಲಿಯವರೆಗೆ ನನಗೆ ಸಿಕ್ಕಿದ್ದೆಲ್ಲ ಬೈಗುಳ, ಇಲ್ಲವೇ ದರ್ಗಾದ ದಾರ.

ಈ "ಕಮ್ಮಿ ಮಾಡು" ಎಂಬ ಮಾತಿಗೆ ಅವರು ಕೇಳಿಸಿಕೊಂಡದ್ದು ಅಷ್ಟಿಷ್ಟಲ್ಲ. ಊರಿನ ಹಿರಿಯರೊಬ್ಬರು ರೂಮಿನ ಬಾಗಿಲಿಗೇ ಬಂದು, ಸರ್ಕಾರದ ಸಂಬಳ ತಗೊಂಡು ಹುಡುಗರಿಗೆ ಕುಡಿಯೋದು ಹೇಳಿಕೊಡ್ತಿದ್ದೀರಿ ಎಂದು ಕೂಗಾಡಿದರು. ಆ ಹಿರಿಯರ ಮಗನ ಕಾಲಿಗೇ ಬ್ಯಾಂಡೇಜು ಸುತ್ತುತ್ತಿದ್ದ ಸಿಸ್ಟರ್ ತಲೆ ಎತ್ತದೆ ಹೇಳಿದರು: "ಇವನು ಪೂರಾ ಬಿಟ್ಟ ದಿನ ನಾನೇ ಊರಿಗೆಲ್ಲ ಸಿಹಿ ಹಂಚ್ತೀನಿ ಗೌಡ್ರೇ. ಆದ್ರೆ ಬಿಡೋ ದಿನದವರೆಗೂ ಅವನು ಬದುಕಿರಬೇಕಲ್ವಾ." ಗೌಡರು ಸುಮ್ಮನಾದರು. ಇಂಥ ಮಾತಿಗೆ ಸುಮ್ಮನಾಗುವಷ್ಟು ಬುದ್ಧಿ ಹಳ್ಳಿಯ ಹಿರಿಯರಿಗಿತ್ತು. ಓದಿದವರಿಗಿರಲಿಲ್ಲ ಎನ್ನುವುದೇ ನನ್ನ ಮುಂದಿನ ಕಥೆ.

ಅದೇ ವರ್ಷ ಬೆಂಗಳೂರಿನ ಒಂದು ಸಂಸ್ಥೆಯವರು ಒಂದು ಯೋಜನೆ ತಂದರು. ಹೆಚ್ಚು ಕುಡಿಯುವ ಯುವಕರಿಗೆ ಮೊಬೈಲಿನಲ್ಲಿ ಒಂದು ಆ್ಯಪ್. ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಅದು ಟಿಣ್ ಎಂದು ಕೇಳುತ್ತದೆ: ನಿನ್ನೆ ಎಷ್ಟು ಗ್ಲಾಸ್ ಕುಡಿದಿರಿ? ಪಕ್ಕದಲ್ಲೊಂದು ಗ್ಲಾಸಿನ ಚಿತ್ರ, ಉದ್ದ ಕಾಲಿನದು, ನಮ್ಮಲ್ಲಿ ಯಾರೂ ಕೈಯಲ್ಲಿ ಹಿಡಿದಿರದಂಥದ್ದು. ಎರಡರೊಳಗೆ ಒತ್ತಿದರೆ ಹಸಿರು, ನಾಲ್ಕರವರೆಗೆ ಹಳದಿ, ಮೇಲೆ ಹೋದರೆ ಕೆಂಪು. ಸೊನ್ನೆ ಒತ್ತಿದರೆ ಹಸಿರಿನ ಜೊತೆ ನಕ್ಷತ್ರ. ಸಿಸ್ಟರ್‌ಗೆ ಖುಷಿಯೋ ಖುಷಿ. ಸ್ನೇಹಿತರ ಮುಂದೆ ಬಾಯಿ ಬಿಡದವರು ಫೋನಿನ ಮುಂದೆ ಬಿಡುತ್ತಾರೆ ಎಂದು ನಂಬಿದವರು ಅವರು. ಮಂಚದ ಮೇಲೆ ಬಿದ್ದ ಪ್ರತಿಯೊಬ್ಬನ ಫೋನಿಗೂ ತಾವೇ ಹಾಕಿಕೊಟ್ಟರು. ನನಗೂ ಹಾಕಿದರು, ಮುನಿರಾಜುಗೂ ಹಾಕಿದರು.

ಮುನಿರಾಜು ಲಗೇಜ್ ಆಟೋ ಓಡಿಸುತ್ತಿದ್ದ. ಹಳ್ಳಿಗಳಿಂದ ಸುಟ್ಟ ಮೋಟಾರುಗಳನ್ನು ನಮ್ಮ ಅಂಗಡಿಗೆ ತಂದು ಇಳಿಸುವವನು ಅವನೇ. ನನಗಿಂತ ಎರಡು ವರ್ಷ ದೊಡ್ಡವನು, ಮದುವೆಯಾಗಿ ಒಂದು ಹೆಣ್ಣುಮಗುವಿತ್ತು. ಸಂಜೆಯ ಕುಡಿತ ನಮ್ಮಿಬ್ಬರದೂ ಜೊತೆಯಲ್ಲೇ.

ಒಂದೆರಡು ವಾರದಲ್ಲಿ ನಮ್ಮ ಕಡೆ ಹಸಿರಿನ ಸುಗ್ಗಿ. ಎಲ್ಲರದೂ ಹಸಿರು. ವೈನ್ ಶಾಪಿನ ಮುಂದೆ ನಿಂತು ಒಬ್ಬರಿಗೊಬ್ಬರು ಫೋನು ತೋರಿಸಿಕೊಳ್ಳುತ್ತಿದ್ದೆವು. ಮನೆಯಲ್ಲಿ ಗಲಾಟೆಯಾದರೆ ಫೋನು ತೆಗೆದು ಹೆಂಡತಿಗೆ, ತಾಯಿಗೆ ಹಸಿರು ತೋರಿಸಿದರೆ ಮುಗಿಯಿತು. ದೊಡ್ಡ ಡಾಕ್ಟರುಗಳೇ ಪಾಸು ಮಾಡಿದ್ದಾರೆ, ನೀನ್ಯಾರು ಕೇಳೋಕೆ ಎನ್ನುತ್ತಿದ್ದೆವು. ಮುನಿರಾಜುವಿನ ಹೆಂಡತಿ ಮಾತ್ರ ಸುಲಭಕ್ಕೆ ನಂಬುವವಳಲ್ಲ. ಅವಳು ಹಠ ಹಿಡಿದಾಗ ಅವನು ಮಗಳ ತಲೆಯ ಮೇಲೆ ಕೈಯಿಟ್ಟು, ದಿನಕ್ಕೆ ಒಂದೇ ಗ್ಲಾಸು, ತಪ್ಪಿದರೆ ಎರಡು, ಅದಕ್ಕಿಂತ ಒಂದು ಹನಿ ಹೆಚ್ಚಿಲ್ಲ ಎಂದು ಆಣೆ ಮಾಡಿದ. ಇದನ್ನು ಅವನೇ ನನಗೆ ಹೆಮ್ಮೆಯಿಂದ ಹೇಳಿದ. ಸುಳ್ಳಾಣೆ ಮಾಡುವ ಜಾಯಮಾನ ಅವನದಲ್ಲ.

ಕೆಲವು ವಾರ ಕಳೆದ ಮೇಲೆ ಅವನ ಕಾಲು ಊದಿಕೊಂಡಿತು. ಕಣ್ಣಿನ ಬಿಳಿ ಅರಿಶಿನ ಕಲಸಿದ ಹಾಗಾಯಿತು. ನಾನೇ ಸಿಸ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಅವನ ಕಣ್ಣು ನೋಡಿದರು, ಫೋನು ನೋಡಿದರು, ಮತ್ತೆ ಕಣ್ಣು ನೋಡಿದರು. ಸುಳ್ಳು ಒತ್ತುತ್ತಿದ್ದೀಯಾ ಎಂದು ಕೇಳಿದರು. ಅವನು ಮಗಳ ಆಣೆ ಎಂದ. ಸಿಸ್ಟರ್ ಕಸದ ಬುಟ್ಟಿಯ ಪಕ್ಕದಲ್ಲಿದ್ದ ಒಂದು ಪ್ಲಾಸ್ಟಿಕ್ ಗ್ಲಾಸು, ಒಂದು ಬಾಟಲಿ ನೀರು ತಂದು ಅವನ ಮುಂದಿಟ್ಟರು.

"ದಿನಾ ಹೆಂಗೆ ಹಾಕ್ಕೊತೀಯೋ ಹಂಗೇ ಹಾಕು. ಇದು ಎಣ್ಣೆ ಅಂದ್ಕೋ."

ಅವನು ಹಾಕಿದ. ನಮ್ಮ ಕಡೆಯ ರೀತಿ ಹೇಗೆಂದರೆ, ವೈನ್ ಶಾಪಿನ ಮುಂದೆ ನಿಂತು ಕುಡಿಯುವಂತಿಲ್ಲ, ಪೊಲೀಸರು ಬಂದರೆ ಅಂಗಡಿಯವನಿಗೆ ತೊಂದರೆ. ಆದರೂ ಎಲ್ಲರೂ ಅಲ್ಲೇ ಕುಡಿಯುವುದು. ಹಾಗಾಗಿ ಬೇಗ ಮುಗಿಸಿ ಜಾಗ ಖಾಲಿ ಮಾಡಬೇಕು. ತೊಂಬತ್ತು ಎಂ.ಎಲ್.ನ ಎರಡು ಪೇಪರ್ ಪ್ಯಾಕೆಟ್ ಹರಿದು ಒಂದೇ ಗ್ಲಾಸಿಗೆ ಸುರಿದು, ಮೇಲೆ ಬೆರಳೆತ್ತರ ನೀರು ಹಾಕಿ, ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಇಳಿಸುವುದು. ಅದು ನಮ್ಮ ಲೆಕ್ಕಕ್ಕೆ ಒಂದು ಗ್ಲಾಸು. ಮುನಿರಾಜು ಎಣ್ಣೆ ನಿಲ್ಲುವಷ್ಟು ಎತ್ತರಕ್ಕೆ ನೀರು ಹಾಕಿ ತೋರಿಸಿದ. ಸಿಸ್ಟರ್ ಔಷಧಿ ಅಳೆಯುವ ಮೂವತ್ತು ಎಂ.ಎಲ್.ನ ಪುಟ್ಟ ಲೋಟ ತೆಗೆದು, ಆ ನೀರನ್ನು ಅದಕ್ಕೆ ಬಗ್ಗಿಸಿ ಚೆಲ್ಲಿ, ಬಗ್ಗಿಸಿ ಚೆಲ್ಲಿ ಎಣಿಸಿದರು. ಆರು ಸಲ ತುಂಬಿತು. ಬೆಂಗಳೂರಿನವರ ಒಂದು ಗ್ಲಾಸು ಎಂದರೆ ಆ ಪುಟ್ಟ ಲೋಟ. ನಾವು ಆರು ಕುಡಿದು ಒಂದು ಒತ್ತುತ್ತಿದ್ದೆವು, ಹನ್ನೆರಡು ಕುಡಿದು ಎರಡು ಒತ್ತುತ್ತಿದ್ದೆವು. ಫೋನು ಶಹಬ್ಬಾಸ್ ಎನ್ನುತ್ತಿತ್ತು.

ಸಿಸ್ಟರ್ ಮಂಚದ ಮೇಲೆ ಕೂತುಬಿಟ್ಟರು. ಅವರು ಹಾಗೆ ಕೂತದ್ದನ್ನು ನಾನು ಮೊದಲ ಸಲ ನೋಡಿದ್ದು. ಮುನಿರಾಜು ಮೆಲ್ಲಗೆ, ಹಂಗಾದ್ರೆ ಇದು ಯಾಕೆ ಹಸಿರು ತೋರಿಸ್ತಿತ್ತು ಎಂದು ಕೇಳಿದ. ಸಿಸ್ಟರ್ ಎದ್ದು ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಮರುದಿನದಿಂದ ಅವರು ಒಬ್ಬೊಬ್ಬರನ್ನೇ ಕರೆಸಿದರು. ಡ್ರೆಸ್ಸಿಂಗ್ ರೂಮಿನ ಹೊರಗೆ ಗಂಡಸರ ಸಾಲು, ಒಳಗೆ ಹೋಗಿ ಗ್ಲಾಸಿಗೆ ನೀರು ಹಾಕಿ ತೋರಿಸಿ ಬರುವುದು. ನಗು, ತಮಾಷೆ ಎಲ್ಲ ಇತ್ತು. ಹೊರಗೆ ಬಂದಾಗ ಯಾರ ಮುಖದಲ್ಲೂ ನಗುವಿರಲಿಲ್ಲ. ಎಲ್ಲರ ಗ್ಲಾಸೂ ಐದೋ ಆರೋ ಪುಟ್ಟ ಲೋಟ ತುಂಬುತ್ತಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ, ಅದೇ ಸಿಸ್ಟರ್ ಹೊಟ್ಟೆ ಉರಿಸಿದ್ದು. "ಇಷ್ಟು ವರ್ಷದಲ್ಲಿ ಇವರು ಮೊದಲ್ನೇ ಸಲ ನಿಜ ಹೇಳಿದ್ರು. ಅದನ್ನೂ ಆ ಬೆಂಗಳೂರಿನವರು ಹಾಳು ಮಾಡಿದ್ರಲ್ಲ," ಎಂದರು.

ಸಂಸ್ಥೆಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಫೋನು ಮಾಡಿದರೆ, ಚಿಕ್ಕಬಳ್ಳಾಪುರದಲ್ಲಿ ಸಭೆಯಿದೆ, ಅಲ್ಲಿ ಹೇಳಿ ಎಂದರು. ಸಾಕ್ಷಿಗೆ ಒಬ್ಬರಿರಲಿ ಎಂದು ನನ್ನನ್ನು ಕರೆದುಕೊಂಡು ಹೋದರು. ಕಾಲು ಊದಿದ್ದ ಮುನಿರಾಜುವಿಗೆ ಆಗ ಅಷ್ಟು ದೂರ ಬಸ್ಸಿನಲ್ಲಿ ಕೂರಲು ಆಗುತ್ತಿರಲಿಲ್ಲ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ಒಂದು ಹೋಟೆಲಿನ ಮೇಲಿನ ಮಹಡಿ. ಎ.ಸಿ. ಹಾಕಿದ ಕೋಣೆ, ಉದ್ದ ಮೇಜು, ಪ್ರತಿಯೊಬ್ಬರ ಮುಂದೆ ಬಿಸ್ಕತ್ತಿನ ತಟ್ಟೆ. ಗೋಡೆಯ ಮೇಲೆ ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಎಂದು ಒಂದೊಂದು ತಾಲ್ಲೂಕಿಗೆ ಒಂದೊಂದು ಕಂಬದ ಚಿತ್ರ. ಎಲ್ಲ ಹಸಿರು, ನಮ್ಮದು ಎಲ್ಲಕ್ಕಿಂತ ಎತ್ತರ. ಎಲ್ಲರೂ ನಮ್ಮ ಸಿಸ್ಟರ್‌ಗೆ ಚಪ್ಪಾಳೆ ತಟ್ಟಿದರು. ಇವರು ಚಪ್ಪಾಳೆ ನಿಲ್ಲುವವರೆಗೆ ಕಾದು, ಎದ್ದು ನಿಂತು, ಬ್ಯಾಗಿನಿಂದ ಪ್ಲಾಸ್ಟಿಕ್ ಗ್ಲಾಸು, ಪುಟ್ಟ ಲೋಟ ತೆಗೆದು ಮೇಜಿನ ಮೇಲಿಟ್ಟು, ಈ ಹಸಿರು ತಪ್ಪು ಎಂದರು. ನೀರು ಹಾಕಿ ಅಳೆದೂ ತೋರಿಸಿದರು.

ಯೋಜನೆಯ ಮುಖ್ಯಸ್ಥರು ಸಭ್ಯವಾಗಿಯೇ ನಕ್ಕರು. ಪ್ರಶ್ನೆಯನ್ನು ತಜ್ಞರು ಪರೀಕ್ಷಿಸಿ ಇಟ್ಟಿದ್ದಾರೆ, ಎಲ್ಲ ಜಿಲ್ಲೆಗೂ ಒಂದೇ ಪ್ರಶ್ನೆ, ನಡುವೆ ಬದಲಾಯಿಸಿದರೆ ಇಲ್ಲಿಯವರೆಗಿನ ಮಾಹಿತಿಯೆಲ್ಲ ವ್ಯರ್ಥ ಎಂದರು. ಗ್ಲಾಸು ಬೇಡ, ಎಷ್ಟು ಪ್ಯಾಕೆಟ್ ಅಂತ ಕೇಳಿ, ಅಷ್ಟು ಸಾಕು ಎಂದು ಇವರು ಬೇಡಿಕೊಂಡರು. ಹೌದು, ಬೇಡಿಕೊಂಡರು. ಅವರ ದನಿ ನನಗೆ ಈಗಲೂ ಕೇಳುತ್ತದೆ.

"ಸಿಸ್ಟರ್, ಡ್ರೆಸ್ಸಿಂಗ್ ಮಾಡೋದ್ರಲ್ಲಿ ನೀವು ಎಕ್ಸ್‌ಪರ್ಟ್. ಡೇಟಾ ನಮಗೆ ಬಿಡಿ," ಎಂದರು ಆ ಮನುಷ್ಯ.

ಆಮೇಲೆ ನನ್ನ ಕಡೆ ತಿರುಗಿದರು. ನೀವು ಬಳಸುತ್ತಿದ್ದೀರಲ್ಲ, ನೀವೇ ಹೇಳಿ, ದಿನಕ್ಕೆ ಎಷ್ಟು ಗ್ಲಾಸು ಎಂದು ಕೇಳಿದರು. ಒಂದು ಎಂದೆ. ದೊಡ್ಡದೋ ಚಿಕ್ಕದೋ ಎಂದರು. ಇಡೀ ಮೇಜು ನನ್ನನ್ನೇ ನೋಡುತ್ತಿತ್ತು. ಎದುರಿಗೆ ನನ್ನದೇ ವಯಸ್ಸಿನ ಇಬ್ಬರು ಹುಡುಗಿಯರು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ಇವರ ಮುಂದೆ ಕುಡುಕನಾಗುವುದು ಹೇಗೆ ಎಂದು ನಾಚಿಕೆಯಾಯಿತು. ಇಸ್ತ್ರಿ ಮಾಡಿದ ಅಂಗಿಯ ಒಳಗೆ ಬೆವರು ಇಳಿಯಿತು.

"ಚಿಕ್ಕದು ಸರ್," ಎಂದೆ.

ಅಷ್ಟೇ. ಅವರು ಕೈ ಆಡಿಸಿ, ನೋಡಿದಿರಲ್ಲ ಎನ್ನುವಂತೆ ಮುಂದಿನ ಚಿತ್ರಕ್ಕೆ ಹೋದರು. ಕಾಫಿ ತಂದವನು ಜಾಗ ಮಾಡಲೆಂದು ಗ್ಲಾಸು, ಲೋಟ ಎರಡನ್ನೂ ಎತ್ತಿ ಬದಿಗಿಟ್ಟ. ಸಿಸ್ಟರ್ ಅವನ್ನು ಬ್ಯಾಗಿಗೆ ಹಾಕಿಕೊಂಡು ಕೂತರು. ನನ್ನ ಕಡೆ ತಿರುಗಿ ನೋಡಲಿಲ್ಲ.

ವಾಪಸು ಬರುವ ಬಸ್ಸು ಶಿಡ್ಲಘಟ್ಟ ದಾಟಿತು. ಆಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು: "ನೀನು ಹೆದರ್ಕೊಂಡೆ, ಗೊತ್ತಾಯ್ತು. ಅರ್ಥ ಆಗುತ್ತೆ. ಹಂಗಂತ ನಂಗೆ ಕೋಪ ಇಲ್ಲ ಅಂತ ಅಂದ್ಕೋಬೇಡ."

ಒಂದು ವಾರದೊಳಗೆ ಸಂಸ್ಥೆ ಅವರನ್ನು ಯೋಜನೆಯಿಂದ ಕೈಬಿಟ್ಟಿತು. ಫಲಾನುಭವಿಗಳಲ್ಲಿ ಗೊಂದಲ ಉಂಟುಮಾಡಿದ್ದಾರೆ ಎಂದು ಕಾರಣ. ಹಣೆ ಒಡೆದುಕೊಂಡು ಬಂದವನು, ಲಿವರ್ ಕೆಟ್ಟವನು, ಮನೆಯಲ್ಲಿ ಹೆಂಡತಿ ಮಕ್ಕಳನ್ನು ಅಳಿಸಿದವನು, ನಾವೆಲ್ಲ ಫಲಾನುಭವಿಗಳು. ಯಾವ ಫಲ ಅನುಭವಿಸಿದೆವೋ ಆ ದೇವರಿಗೇ ಗೊತ್ತು. ಅದರ ಜೊತೆಗೆ ನಮ್ಮೆಲ್ಲರ ಫೋನಿಗೂ ಒಂದು ಸಂದೇಶ ಬಂತು. ಆ್ಯಪ್ ತೋರಿಸುವುದೇ ಸರಿಯಾದ ಅಳತೆ, ಬೇರೆಯವರ ಮಾತಿಗೆ ಕಿವಿಗೊಡಬೇಡಿ ಎಂದು. ಮುನಿರಾಜು ಅದನ್ನು ನನಗೆ ತೋರಿಸಿದ. ಅವನ ಮುಖ ಅರಳಿತ್ತು. ನೋಡಿದೆಯಾ, ಸಿಸ್ಟರ್ ಸುಮ್ಮನೆ ಹೆದರಿಸಿಬಿಟ್ಟರು ಎಂದ. ಬೇಕಾದದ್ದನ್ನೇ ನಂಬಲು ಮನುಷ್ಯನಿಗೆ ಒಂದು ಸಂದೇಶ ಸಾಕು. ಆವತ್ತಾದರೂ ನಾನು ಬಾಯಿ ಬಿಡಬಹುದಾಗಿತ್ತು. ಬಿಡಲಿಲ್ಲ, ಯಾಕೆಂದರೆ ಆ ಸಂದೇಶ ಬರಲು ನಾನೂ ಒಂದು ಕಾರಣ ಎಂದು ಹೇಳಬೇಕಾಗುತ್ತಿತ್ತು. ಅವನು ಮತ್ತೆ ಡ್ರೆಸ್ಸಿಂಗ್ ರೂಮಿನ ಕಡೆ ಹೋಗಲಿಲ್ಲ.

ಸಿಸ್ಟರ್ ಫೋನಿನ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ, ಇದು ನನಗೆ ಆಶ್ಚರ್ಯ. ಆ ದರಿದ್ರದ್ದನ್ನು ಎಸೆಯಬೇಕು ಎಂದು ನಾನು ಕೂಗಾಡಿದಾಗ, ಅದಕ್ಕೆ ಯಾಕೆ ಬೈಯ್ತೀಯಾ, ಅದು ಕಲಿಸಿದ್ದನ್ನು ಹೇಳುತ್ತೆ, ಕಲಿಸಿದವರು ನಿನ್ನನ್ನು ನೋಡಿಲ್ಲ ಎಂದರು. ಹೊಸದೊಂದು ಸಿಮ್ ಕೊಂಡು ತಮ್ಮದೇ ಕೆಲಸ ಶುರು ಮಾಡಿದರು. ಕೊರಳಿಗೆ ತಾವೇ ಹೊಲಿದ ಒಂದು ಬಟ್ಟೆಯ ಚೀಲ, ಅದರಲ್ಲಿ ಎರಡು ಫೋನು, ಒಂದು ಮನೆಯದು, ಇನ್ನೊಂದು ನಮ್ಮದು. ಕನ್ನಡ ಟೈಪ್ ಮಾಡಲು ಅವರಿಗೆ ಬೇಸರ, ಒಂದು ಒತ್ತಕ್ಷರಕ್ಕೆ ಅರ್ಧ ದಿನ ಬೇಕಿತ್ತು. ಹಾಗಾಗಿ ವಾಯ್ಸ್ ಮೆಸೇಜು. ಆ್ಯಪು ಕುಡಿದ ಮರುದಿನ ಕೇಳುತ್ತಿತ್ತು, ಇವರು ಕುಡಿಯುವ ಮೊದಲೇ ಕೇಳುತ್ತಿದ್ದರು. ಸಂಜೆ ಐದೂವರೆ, ನಾನು ಕೈ ತೊಳೆದು ಅಂಗಡಿಯಿಂದ ಹೊರಬೀಳುವ ಹೊತ್ತು, ಜೇಬಿನಲ್ಲಿ ಅವರ ದನಿ:

"ಏನಪ್ಪಾ, ಮುದ್ದೆ ತಿಂದ್ಯಾ? ತಿನ್ನದೆ ಆ ಕಡೆ ತಲೆ ಹಾಕ್ಬೇಡ. ಇವತ್ತು ಎಷ್ಟು ಪ್ಯಾಕೆಟ್ ಅಂತ ಈಗ್ಲೇ ಹೇಳು. ಆಮೇಲೆ ನೀನು ಮಾತಾಡಲ್ಲ, ಅದು ಮಾತಾಡುತ್ತೆ."

ಉತ್ತರ ಕಳಿಸಲೇಬೇಕು. ಅಕ್ಷರ ಒತ್ತಿ ಕಳಿಸಿದರೆ ಒಪ್ಪುತ್ತಿರಲಿಲ್ಲ, ಬಾಯಿ ಬಿಟ್ಟೇ ಹೇಳಬೇಕು. ತನ್ನ ದನಿಯಲ್ಲೇ ಒಂದು ಎಂದು ಹೇಳಿದವನಿಗೆ ಎರಡನೆಯ ಪ್ಯಾಕೆಟ್ ಹರಿಯುವಾಗ ಕೈ ಸ್ವಲ್ಪ ತಡೆಯುತ್ತಿತ್ತು. ಮೀರಿದ ದಿನ ಮಾರನೆಯ ಬೆಳಗ್ಗೆ ಅದನ್ನೂ ಹೇಳಬೇಕು. ಬೈಗುಳ ಬರುತ್ತಿರಲಿಲ್ಲ, ಯಾರ ಜೊತೆ ಇದ್ದೆ, ಏನಾಗಿತ್ತು, ಹೊಟ್ಟೆಗೆ ಏನು ಬಿದ್ದಿತ್ತು ಎಂದು ಮೂರು ಪ್ರಶ್ನೆ. ಒಬ್ಬೊಬ್ಬರಿಗೂ ಔಷಧಿಯ ಪುಟ್ಟ ಲೋಟ ಕೊಟ್ಟಿದ್ದರು. ವೈನ್ ಶಾಪಿನ ಮುಂದೆ ಅದನ್ನು ಜೇಬಿನಿಂದ ತೆಗೆದ ಮೊದಲ ದಿನ ಎಲ್ಲರೂ ನನಗೆ ಮಗುವಿಗೆ ಸಿರಪ್ ಕುಡಿಸುವ ಹಾಗೆ ಕುಡಿಸಲು ಬಂದರು. ಮೂರು ತಿಂಗಳಲ್ಲಿ ಅದೇ ಜಾಗದಲ್ಲಿ ಹತ್ತು ಹನ್ನೆರಡು ಜನರ ಕೈಗೆ ಆ ಲೋಟ ಬಂತು. ಡಾಕ್ಟರ ಮಾತ್ರೆ, ಸಿಸ್ಟರ್ ದನಿ, ಎರಡೂ ಸೇರಿ ನನ್ನ ಆರನ್ನು ಮೂರಕ್ಕೆ, ಮೂರನ್ನು ಎರಡಕ್ಕೆ ಇಳಿಸಿದವು. ಒಂದು ಬೆಳಗ್ಗೆ ತಂತಿ ಹಿಡಿದರೆ ಅದು ಕುಣಿಯಲಿಲ್ಲ. ಕೆಲಸ ಬಿಟ್ಟು ಹೊರಗೆ ಬಂದು ಅವರಿಗೆ ಫೋನು ಮಾಡಿ, ಮಾತಾಡಲಾಗದೆ ಅತ್ತೆ. ಅಳು ಆಮೇಲೆ ಅಳು, ಮೊದಲು ಹೋಗಿ ತಂತಿ ಸುತ್ತು ಎಂದರು.

ಮುನಿರಾಜುವಿಗೂ ಆ ಮೆಸೇಜು ಹೋಗುತ್ತಿತ್ತು. ಅವನು ಕೇಳುತ್ತಿರಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಹಸಿರು ನೋಡಿಕೊಂಡು ಹೊರಡುತ್ತಿದ್ದ. ಒಂದು ದಿನ ಆಟೋದಲ್ಲೇ ರಕ್ತ ಕಾರಿಕೊಂಡ. ಬೆಂಗಳೂರಿಗೆ ಸಾಗಿಸಿದೆವು. ಐದನೆಯ ದಿನ ತೀರಿಕೊಂಡ. ಇಪ್ಪತ್ತೇಳು ವರ್ಷ.

ಮುಂದಿನದನ್ನು ಬರೆಯುವಾಗ ನನಗೆ ಈಗಲೂ ಮೈ ಉರಿಯುತ್ತದೆ. ಮನೆಗೆ ತಂದಿಟ್ಟ ಅವನ ಫೋನು ಬೆಳಗ್ಗೆ ಒಂಬತ್ತಕ್ಕೆ ಟಿಣ್ ಎನ್ನುತ್ತಲೇ ಇತ್ತು. ನಿನ್ನೆ ಎಷ್ಟು ಗ್ಲಾಸ್ ಕುಡಿದಿರಿ? ಅದನ್ನು ನಿಲ್ಲಿಸುವುದು ಹೇಗೆಂದು ತಿಳಿಯದೆ ಅವನ ಹೆಂಡತಿ ಸೊನ್ನೆ ಒತ್ತಿದಳು. ಹಸಿರು, ಅದರ ಜೊತೆ ನಕ್ಷತ್ರ, ಅಭಿನಂದನೆಗಳು. ಮಾರನೆಯ ದಿನವೂ ಸೊನ್ನೆ, ಮತ್ತೆ ನಕ್ಷತ್ರ. ಹದಿಮೂರನೆಯ ದಿನದ ಕಾರ್ಯ ಮುಗಿಸಿ ಅವಳು ಆ ಫೋನು ಹಿಡಿದುಕೊಂಡು ಸಿಸ್ಟರ್ ಹತ್ತಿರ ಬಂದಳು. ನಾನೂ ಅಲ್ಲಿದ್ದೆ. ಸಿಸ್ಟರ್ ಸಂಸ್ಥೆಗೆ ಫೋನು ಮಾಡಿ ಈ ಮನುಷ್ಯ ಸತ್ತಿದ್ದಾನೆ ಎಂದರು. ಆ ಕಡೆಯ ಹುಡುಗಿ, ತೀರಿಕೊಂಡವರಿಗೆ ನಮ್ಮಲ್ಲಿ ಬೇರೆ ಕಾಲಂ ಇಲ್ಲ ಮೇಡಂ ಎಂದಳು. ಅವಳ ತಪ್ಪೇನಿಲ್ಲ ಬಿಡಿ. ವರ್ಷದ ಕೊನೆಗೆ ಸಂಸ್ಥೆಯವರು ಬಣ್ಣದ ಪುಸ್ತಕ ಅಚ್ಚು ಹಾಕಿಸಿದರು. ಅದರಲ್ಲಿ ಪೂರ್ತಿ ಕುಡಿತ ಬಿಟ್ಟವರ ಪಟ್ಟಿಯ ಚಿತ್ರ ನೋಡಿದಾಗ, ಅದರೊಳಗೆ ನನ್ನ ಗೆಳೆಯನೂ ಎಲ್ಲೋ ಒಂದು ಹಸಿರು ಚುಕ್ಕೆಯಾಗಿ ಕೂತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಸಿಸ್ಟರ್ ಹೆಸರು ಎಲ್ಲೂ ಇರಲಿಲ್ಲ.

ಫೋನು ಹಿಡಿದು ಬಂದ ಆ ದಿನ ಡ್ರೆಸ್ಸಿಂಗ್ ರೂಮಿನಲ್ಲಿ ಮುನಿರಾಜುವಿನ ಹೆಂಡತಿ ಅಳಲಿಲ್ಲ. ದಿನಕ್ಕೆ ಅರ್ಧ ಬಾಟಲಿ ಕುಡಿದ ಲಿವರ್ ಇದು ಎಂದು ಬೆಂಗಳೂರಿನ ಡಾಕ್ಟರು ಹೇಳಿದ್ದರು. ಅವಳಿಗೆ ಅದೊಂದೇ ಮಾತು ತಲೆಯಲ್ಲಿ. ಸತ್ತದ್ದಕ್ಕಿಂತ ಆಣೆ ದೊಡ್ಡದಾಗಿತ್ತು. ಮಗಳ ತಲೆ ಮೇಲೆ ಕೈಯಿಟ್ಟು ಸುಳ್ಳು ಹೇಳಿ ಹೋದ, ಆ ಪಾಪ ಮಗುವಿನ ಮೇಲೆ ಬಿಟ್ಟು ಹೋದ ಎಂದು ಹೇಳಿದ್ದನ್ನೇ ಹೇಳುತ್ತಿದ್ದಳು. ಮಗುವಿಗೆ ಜ್ವರ ಬಂದರೂ ಅದೇ ಕಾರಣ ಅವಳಿಗೆ. ಗಂಡನ ಫೋಟೋ ಗೋಡೆಗೆ ಹಾಕಲಿಲ್ಲ, ತಿರುಗಿಸಿ ಪೆಟ್ಟಿಗೆಯಲ್ಲಿಟ್ಟಿದ್ದಳು.

ಅವಳು ಹೋದ ಮೇಲೆ ನಾನು ಸಿಸ್ಟರ್ ಮುಂದೆ ಕುಸಿದೆ. ಚಿಕ್ಕಬಳ್ಳಾಪುರದಲ್ಲಿ ನಾನು ನಿಜ ಹೇಳಿದ್ದರೆ ಆ ಸಂದೇಶ ಬರುತ್ತಿರಲಿಲ್ಲ, ಅವನು ಉಳಿಯುತ್ತಿದ್ದನೇನೋ, ನನ್ನನ್ನು ಕ್ಷಮಿಸಿ ಎಂದೆ. ಅವರ ಮುಖ ಗಟ್ಟಿಯಾಯಿತು.

"ನನಗ್ಯಾಕೆ ಹೇಳ್ತೀಯಾ? ನನಗೆ ಗೊತ್ತಿರೋದೇ ಅಲ್ವಾ. ಹೋಗಿ ಅವಳಿಗೆ ಹೇಳು. ಅವನು ಸುಳ್ಳಾಣೆ ಮಾಡ್ಲಿಲ್ಲ ಅಂತ ಹೇಳೋಕೆ ಈ ಊರಲ್ಲಿ ದಿನಾ ಅವನ ಜೊತೆ ಕುಡಿದ ನೀನೊಬ್ಬನೇ ಇರೋದು."

ಹೋಗುತ್ತೇನೆ ಎಂದೆ. ಹೋಗಲಿಲ್ಲ. ಈ ವಾರ, ಮುಂದಿನ ವಾರ, ಹಬ್ಬ ಕಳೆಯಲಿ ಎಂದು ಮೂರು ವರ್ಷ ತಳ್ಳಿದೆ. ಅವಳ ಬೀದಿ ತಪ್ಪಿಸಲು ಸುತ್ತು ಬಳಸಿ ಅಂಗಡಿಗೆ ಹೋಗುತ್ತಿದ್ದೆ. ಆ ಸಂಸ್ಥೆಯವರನ್ನು ನಾನು ಎಷ್ಟು ಬೈದರೂ ಈ ಸುತ್ತು ದಾರಿ ನನ್ನದೇ. ಸಿಸ್ಟರ್ ಮತ್ತೊಮ್ಮೆ ಕೇಳಲಿಲ್ಲ. ಸಂಜೆಯ ಮೆಸೇಜು ಮಾತ್ರ ತಪ್ಪದೆ ಬರುತ್ತಿತ್ತು, ನಿವೃತ್ತರಾದ ಮೇಲೂ.

ಹೋದ ವರ್ಷ ಒಂದು ಸಂಜೆ ಐದೂವರೆಗೆ ಫೋನು ಸುಮ್ಮನಿತ್ತು. ಆರಕ್ಕೂ ಸುಮ್ಮನಿತ್ತು. ನಾವು ಒಬ್ಬರಿಗೊಬ್ಬರು ಫೋನು ಮಾಡಿ ನಿನಗೆ ಬಂತಾ, ನಿನಗೆ ಬಂತಾ ಎಂದು ಕೇಳಿಕೊಂಡೆವು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ, ಹೃದಯ ನಿಂತಿತ್ತು. ಅವರ ಊರಿಗೆ ಹೋದೆವು. ಚಿಕ್ಕ ಮನೆ, ಗೋಡೆಯ ಮೇಲೆ ಬುದ್ಧನ ಪಟ. ಅವರ ಕೇರಿಯೊಳಗೆ ಅಲ್ಲಿಯವರೆಗೆ ಕಾಲಿಡದಿದ್ದ ಮನೆಗಳ ಹುಡುಗರು ನೂಕಿಕೊಂಡು ಹೆಗಲು ಕೊಟ್ಟರು. ಬಾಗಿಲಿಗೆ ಬಂದು ಕೂಗಾಡಿದ್ದ ಗೌಡರೂ ಬಂದಿದ್ದರು. ಮಗ ಅವರ ಪಕ್ಕದಲ್ಲೇ ನಿಂತಿದ್ದ, ಗಟ್ಟಿಯಾಗಿ. ಸಂಸ್ಥೆಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ.

ಇಂದಿಗೂ ನಾನು ಪೂರಾ ಬಿಟ್ಟಿದ್ದೇನೆ ಎಂದು ಹೇಳಿದರೆ ಅದು ಅವರಿಗೆ ಮಾಡುವ ಅವಮಾನ. ತಿಂಗಳಲ್ಲಿ ಎರಡು ದಿನ, ದಿನಕ್ಕೆ ಎರಡು ಅಳತೆ. ಅದು ನನ್ನ ನಿಜ. ಕೆಲಸ ಉಳಿದಿದೆ, ಕೈ ಉಳಿದಿದೆ, ಜೀವ ಉಳಿದಿದೆ, ಇವೆಲ್ಲ ಅವರ ಋಣ. ಆದರೆ ಅವರು ನನ್ನಿಂದ ಕೇಳಿದ್ದು ಒಂದೇ ಒಂದು ಕೆಲಸ. ಮಣ್ಣು ಮಾಡಿ ಬಂದ ಮೂರನೆಯ ದಿನ ನಾನು ಮುನಿರಾಜುವಿನ ಮನೆಯ ಬಾಗಿಲು ಬಡಿದೆ.

ಅವಳು ರಾಗಿ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟಳು. ನಾನು ನಿಂತೇ, ಒಂದೇ ಉಸಿರಿಗೆ, ಅವನು ಆಣೆ ತಪ್ಪಿಲ್ಲ ಕಣಮ್ಮಾ, ನಾನು ಜೊತೆಯಲ್ಲೇ ಇದ್ದೆ, ಅವನು ಕುಡಿಯುತ್ತಿದ್ದುದು ಒಂದೇ ಗ್ಲಾಸು, ತಪ್ಪಿದರೆ ಎರಡು ಎಂದೆ.

"ನಾನು ಆ ಫೋನು ಹಿಡ್ಕೊಂಡು ಬಂದಿದ್ನಲ್ಲ, ಅವತ್ತೇ ಸಿಸ್ಟರ್ ಮನೆಗೆ ಬಂದು ಹೇಳಿದ್ರು. ಸಮಾಧಾನಕ್ಕೆ ಹೇಳ್ತಾರೆ ಅಂದ್ಕೊಂಡು ನಾನು ನಂಬ್ಲಿಲ್ಲ. ಜೊತೇಲಿ ಕುಡಿದೋರು ಯಾರಾದ್ರೂ ಬಂದು ಹೇಳಿದ್ರೆ ನಂಬ್ತೀನಿ ಅಂದೆ. ಒಬ್ಬ ಬರ್ತಾನೆ, ತಡ ಮಾಡ್ತಾನೆ, ಆದ್ರೆ ಬರ್ತಾನೆ, ಅಲ್ಲೀವರ್ಗೂ ಕಾಯಮ್ಮಾ ಅಂದ್ರು. ಯಾರು ಅಂತ ಎಷ್ಟು ಕೇಳಿದ್ರೂ ಹೇಳ್ಲಿಲ್ಲ." ಅವಳು ಎದ್ದು ನಿಂತಳು. "ನೀವೇನಾ ಅಣ್ಣಾ ಅದು?"

ನಾನೇ ಎಂದೆ.

ಅವಳು ಒಳಗೆ ತಿರುಗಿ ಮಗಳನ್ನು ಕರೆದಳು. ಓದುತ್ತಿದ್ದ ಪುಸ್ತಕ ಹಿಡಿದುಕೊಂಡೇ ಹುಡುಗಿ ಹೊರಗೆ ಬಂತು. ಮಗಳನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡು, ನನಗೂ ಚಾಪೆ ಹಾಕಿದಳು.

"ಕೂತ್ಕೊಳ್ಳಿ. ಈಗ ಮೊದಲಿಂದ ಹೇಳಿ, ಇವಳಿಗೂ ಕೇಳಿಸೋ ಹಂಗೆ ಹೇಳಿ."